ತಾಲ್ಲೂಕು ಕೋರ್ಟ್: ಯಾರ ಕೆಲಸ ಏನು, ಯಾರ ಕೈಲಿ ಏನಿಲ್ಲ

(ಉತ್ತರಿಸುವವರು: ನಿವೃತ್ತ ಶಿರಸ್ತೇದಾರರು)

ಪ್ರಶ್ನೆ: ನಮ್ಮ ಜಮೀನಿನ ಪಾಲಿನ ದಾವೆ ತಾಲ್ಲೂಕು ಕೋರ್ಟಿನಲ್ಲಿದೆ. ಬರೀ ಡೇಟ್ ಆಗ್ತಿದೆ. ಕೋರ್ಟಿನ ಹತ್ತಿರ ಸಿಗುವ ಒಬ್ಬರು, ‘ಶಿರಸ್ತೇದಾರರು ನನಗೆ ಗೊತ್ತು, ಸ್ವಲ್ಪ ಖರ್ಚು ಮಾಡಿ, ಬೇಗ ಮುಗಿಸಿಕೊಡ್ತೀನಿ’ ಅಂತಾರೆ. ಕೊಡಬಹುದಾ?

ಉತ್ತರ: ಕೊಡಬೇಡಿ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಊರಿನ ಹೆಸರು ಮಾತ್ರ ಬೇರೆ. ಆ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದವನಾಗಿ ಹೇಳುತ್ತೇನೆ: ಕೇಸು ಮುಗಿಸುವುದಿರಲಿ, ಡೇಟ್ ಹಿಂದೆ ಮುಂದೆ ಮಾಡುವ ಅಧಿಕಾರವೂ ಶಿರಸ್ತೇದಾರರಿಗಿಲ್ಲ. ಅದು ನ್ಯಾಯಾಧೀಶರದು.

ಶಿರಸ್ತೇದಾರರು ಕಚೇರಿಯ ಮುಖ್ಯಸ್ಥರು, ಅಷ್ಟೇ. ದಾವೆ ಹಾಕಿದಾಗ ಕೋರ್ಟ್ ಫೀ ಸರಿ ಇದೆಯಾ, ಜಮೀನು ಈ ಕೋರ್ಟಿನ ವ್ಯಾಪ್ತಿಗೆ ಬರುತ್ತದಾ, ಕಾಲಮಿತಿ ಮೀರಿದೆಯಾ ಅಂತ ನೋಡುತ್ತಾರೆ. ಕೊರತೆ ಇದ್ದರೆ ಆಕ್ಷೇಪಣೆ ಬರೆಯುತ್ತಾರೆ. ‘ಶಿರಸ್ತೇದಾರರು ಫೈಲ್ ತಡೆದಿದ್ದಾರೆ’ ಅಂತ ಯಾರಾದರೂ ಹೇಳಿದರೆ, ಆಕ್ಷೇಪಣೆ ಏನು ಅಂತ ಕೇಳಿ. ಅದು ಬರಹದಲ್ಲಿರುತ್ತದೆ.

ಬೆಂಚ್ ಕ್ಲರ್ಕ್ ಕೂರುವುದು ನ್ಯಾಯಾಧೀಶರ ಪೀಠದ ಕೆಳಗೆ. ಆ ದಿನದ ಫೈಲುಗಳು ಅವರ ಹತ್ತಿರ ಇರುತ್ತವೆ. ದಾಖಲೆಗಳಿಗೆ ನಿಶಾನೆ ಹಾಕುವುದು, ಮುಂದಿನ ಡೇಟ್ ಗುರುತು ಮಾಡಿಕೊಳ್ಳುವುದು ಅವರ ಕೆಲಸ. ಡೇಟ್ ಗೊತ್ತಾಗದಿದ್ದರೆ ಅವರನ್ನೇ ಕೇಳಿ, ಅದಕ್ಕೆ ದುಡ್ಡಿಲ್ಲ. ಬೆರಳಚ್ಚುಗಾರರು ಸಾಕ್ಷಿ ಹೇಳಿದ್ದನ್ನು ಟೈಪ್ ಮಾಡುತ್ತಾರೆ. ಸ್ಟೆನೊ ನ್ಯಾಯಾಧೀಶರು ಹೇಳಿದ ತೀರ್ಪನ್ನು ಬರೆದುಕೊಳ್ಳುತ್ತಾರೆ. ‘ಸ್ಟೆನೊ ಹಿಡಿದರೆ ತೀರ್ಪು ತಿರುಗಿಸಬಹುದು’ ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬರೆದುಕೊಳ್ಳುವವರು ತೀರ್ಮಾನ ಮಾಡುವುದಿಲ್ಲ. ಸಮನ್ಸ್ ಹಂಚುವುದು ನಜೀರರ ಶಾಖೆ. ಅಲ್ಲಿಂದ ಪ್ರೊಸೆಸ್ ಸರ್ವರ್ ಮತ್ತು ಬೇಲಿಫ್ ಊರೂರಿಗೆ ಹೋಗುತ್ತಾರೆ. ಸಣ್ಣ ಕೋರ್ಟಿನಲ್ಲಿ ಹುದ್ದೆ ಖಾಲಿ ಬಿದ್ದಾಗ ಒಬ್ಬರೇ ಎರಡು ಮೂರು ಮೇಜಿನ ಕೆಲಸ ನೋಡುತ್ತಾರೆ.

ಇನ್ನು ತಡ ಯಾಕೆ? ಬಾಗಿಲ ಮೇಲೆ ‘ಸಿವಿಲ್ ನ್ಯಾಯಾಧೀಶರು ಮತ್ತು ಜೆಎಂಎಫ್‌ಸಿ’ ಅಂತ ಬೋರ್ಡ್ ಇರುತ್ತದೆ ಅಲ್ವಾ? ಜೆಎಂಎಫ್‌ಸಿ ಅಂದರೆ ಕ್ರಿಮಿನಲ್ ಕೇಸು ಕೇಳುವ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್. ಹಾಗಾಗಿ ನಿಮ್ಮ ಜಮೀನಿನ ದಾವೆ ಕೇಳುವವರೇ ಹೊಡೆದಾಟ, ಕಳವು, ಚೆಕ್ ಬೌನ್ಸ್ ಕೇಸುಗಳನ್ನೂ ಕೇಳಬೇಕು. ಪೊಲೀಸರು ಆರೋಪಿಯನ್ನು ಕರೆತಂದರೆ ಮೊದಲು ಅದನ್ನು ನೋಡಲೇಬೇಕು. ಆದರೆ ಪಾಲಿನ ದಾವೆಗಳು ಜಾಸ್ತಿ ನಿಲ್ಲುವುದು ಕಕ್ಷಿದಾರರಿಂದಲೇ. ಯಾವುದೋ ತಂಗಿಯ ವಿಳಾಸ ತಪ್ಪಿರುತ್ತದೆ. ಸಮನ್ಸ್ ಕಳಿಸಲು ಕಟ್ಟಬೇಕಾದ ಪ್ರೊಸೆಸ್ ಫೀ ಕಟ್ಟಿರುವುದಿಲ್ಲ. ಪ್ರತಿವಾದಿ ತೀರಿಕೊಂಡರೆ 90 ದಿನದೊಳಗೆ ಅವರ ವಾರಸುದಾರರನ್ನು ದಾವೆಗೆ ಸೇರಿಸಲು ಅರ್ಜಿ ಹಾಕಬೇಕು. ಊರಲ್ಲಿ ತಿಥಿ ಊಟ ಮಾಡಿ ಬಂದವರು ವಕೀಲರಿಗೆ ಹೇಳುವುದೇ ಇಲ್ಲ!

ಆದ್ದರಿಂದ ಮೊದಲು ನಿಮ್ಮ ಕೇಸನ್ನು ಗುರುತಿಸುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇಸ್ಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಕೇಸು ಯಾವ ಹಂತದಲ್ಲಿದೆ, ಮುಂದಿನ ಡೇಟ್ ಯಾವಾಗ ಅಂತ ಕಾಣುತ್ತದೆ. ಹಿಂದಿನ ಡೇಟ್‌ಗಳಲ್ಲಿ ಏನು ನಡೆಯಿತು ಅಂತಲೂ ನೋಡಿ. ಸಮನ್ಸ್ ಜಾರಿಯಾಗಿಲ್ಲ ಅಂತಿದ್ದರೆ ವಿಳಾಸ, ಫೀ ಸರಿಮಾಡಿ. ನಿಜವಾಗಿ ತುರ್ತಿದ್ದರೆ ಡೇಟ್ ಮುಂಚಿತವಾಗಿ ತೆಗೆದುಕೊಳ್ಳಲು ವಕೀಲರಿಂದ ಅರ್ಜಿ ಹಾಕಿಸಿ. ಕೋರ್ಟಿಗೆ ಕಟ್ಟುವ ಯಾವ ಹಣಕ್ಕೂ ರಸೀದಿ ಕೇಳಿ. ಸಿಬ್ಬಂದಿಯೇ ದುಡ್ಡು ಕೇಳಿದರೆ ಜಿಲ್ಲೆಯ ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ ಬರೆದು ಕೊಡಿ. ತಾಲ್ಲೂಕು ಕೋರ್ಟಿನ ಸಿಬ್ಬಂದಿ ಅವರ ಹತೋಟಿಯಲ್ಲಿರುತ್ತಾರೆ. ಸುಮ್ನೆ ಹೊರಗೆ ಬೈದುಕೊಂಡು ಹೋಗಬೇಡಿ.

ಪ್ರಶ್ನೆ: ಸಿವಿಲ್ ಕೇಸಿನ ಸಮನ್ಸ್ ತಗೊಳ್ಳದಿದ್ದರೆ ಕೇಸ್ ನಿಂತುಹೋಗುತ್ತದಂತೆ, ನಿಜವಾ?

ಉತ್ತರ: ಶುದ್ಧ ಸುಳ್ಳು. ಬೇಡ ಅಂದರೆ ಪ್ರೊಸೆಸ್ ಸರ್ವರ್ ಬಾಗಿಲಿಗೆ ಅಂಟಿಸಿ ಕೋರ್ಟಿಗೆ ವರದಿ ಕೊಡುತ್ತಾರೆ. ಆಮೇಲೆ ನೀವಿಲ್ಲದೆಯೇ ಕೇಸು ನಡೆದು, ಏಕಪಕ್ಷೀಯ ತೀರ್ಪು ಆಗಬಹುದು. ಈ ಸಲಹೆ ಕೇಳಿ ಜಮೀನು ಕಳೆದುಕೊಂಡವರನ್ನು ನೋಡಿದ್ದೇನೆ. ತಗೊಳ್ಳಿ, 30 ದಿನದೊಳಗೆ ಲಿಖಿತ ಹೇಳಿಕೆ (ದಾವೆಗೆ ನಿಮ್ಮ ಉತ್ತರ) ಹಾಕಿಸಿ.

ಪ್ರಶ್ನೆ: ನ್ಯಾಯಾಧೀಶರ ಮನೆಗೆ ಹೋಗಿ ನಮ್ಮ ಕಷ್ಟ ಹೇಳಬಹುದಾ?

ಉತ್ತರ: ಖಂಡಿತ ಬೇಡ.

ಪ್ರಶ್ನೆ: ಕ್ರಿಮಿನಲ್ ಕೇಸು ನಡೆಸುವ ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕರು) ಕೋರ್ಟಿನ ನೌಕರರಾ?

ಉತ್ತರ: ಅಲ್ಲ. ಅವರು ಅಭಿಯೋಜನಾ ಇಲಾಖೆಯವರು, ಸರ್ಕಾರದ ಪರ ವಾದಿಸುತ್ತಾರೆ. ಕ್ರಿಮಿನಲ್ ಕೇಸಿನ ಸಮನ್ಸ್, ವಾರಂಟ್ ಹಿಡಿದು ಓಡಾಡುವ ಕೋರ್ಟ್ ಪೇದೆ ಕೂಡ ಪೊಲೀಸ್ ಠಾಣೆಯವರು.

ಪ್ರಶ್ನೆ: ವಕೀಲರಿಗೆ ಕೊಡಲು ಹಣವಿಲ್ಲ.

ಉತ್ತರ: ಅದೇ ಕೋರ್ಟಿನ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆಯಾ ವಿಚಾರಿಸಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿ ಇದೆ. ಅಲ್ಲಿಗೆ ಹೋಗಲು ಆಗದಿದ್ದರೆ 15100ಕ್ಕೆ ಫೋನ್ ಮಾಡಿ.