ಬ್ರ್ಯಾಂಡ್ ಆಮೇಲೆ, ಮೊದಲು ಹಳೆ ಟೈರ್ ನೋಡಿ

ನಿಮ್ಮ ಪ್ರಶ್ನೆ ಇದು: 2017ರ ಡಿಸೈರ್ ಅನ್ನು ಹೋದ ವರ್ಷ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೀರಿ. ಟೈರ್ 165/80 ಆರ್14, ಮೀಟರ್‌ನಲ್ಲಿ 52 ಸಾವಿರ ಕಿಲೋಮೀಟರ್. ಶಿಡ್ಲಘಟ್ಟದಿಂದ ವಾರಕ್ಕೆ ಮೂರು ಸಲ ರೇಷ್ಮೆ ನೂಲು ಹಾಕಿಕೊಂಡು ಬೆಂಗಳೂರಿಗೆ ಹೋಗಿ ಬರುತ್ತೀರಿ. ಅಂಗಡಿಯವರು "185 ಹಾಕಿಸಿ, ಗಾಡಿ ರೋಡ್ ಕಚ್ಚಿಕೊಂಡು ಹೋಗುತ್ತೆ" ಅಂತಿದ್ದಾರೆ. ಯಾವ ಕಂಪನಿ ಒಳ್ಳೆಯದು, ಸದ್ಯಕ್ಕೆ ಎರಡೇ ಹಾಕಿಸಿದರೆ ಸಾಕಾ?

ನಾನು ಚಿಕ್ಕಬಳ್ಳಾಪುರದವನು. ಒಂಬತ್ತು ವರ್ಷ ಏರ್‌ಪೋರ್ಟ್ ಕಡೆ ಕ್ಯಾಬ್ ಓಡಿಸಿದ್ದೇನೆ. ಅದೂ ಡಿಸೈರೇ, ಟೈರ್ ಸೈಜೂ ಅದೇ. ಟೈರಿಗೆ ಸುರಿದ ದುಡ್ಡಲ್ಲಿ ಒಂದು ಒಳ್ಳೆ ಬೈಕ್ ಬರುತ್ತಿತ್ತು. ಅದರಲ್ಲಿ ಅರ್ಧ ನನ್ನ ದಡ್ಡತನಕ್ಕೆ ಹೋಗಿದ್ದು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಎಲ್ಲರೂ ಮೊದಲು ಕಂಪನಿ ಹೆಸರು ಕೇಳುತ್ತಾರೆ. ಅದು ಆಮೇಲೆ. ಹಳೆ ಟೈರ್ ಬಿಚ್ಚಿಸುವ ಮುಂಚೆ ಅದನ್ನೊಮ್ಮೆ ಸರಿಯಾಗಿ ನೋಡಿ. ಬೆಳಗ್ಗೆ ಗಾಡಿ ನಿಂತಿರುವಾಗ ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಮುಂದಿನ ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕೂತುಕೊಳ್ಳಿ. ರಬ್ಬರ್ ಒಳಗಿನ ತಂತಿ ಕಾಣುತ್ತಿದೆಯಾ ಅಂತ ಮೊದಲು ಕಣ್ಣಲ್ಲಿ ನೋಡಿ, ಇದ್ದರೆ ಕೈ ಇಡಬೇಡಿ, ಕುಯ್ದುಬಿಡುತ್ತೆ. ಇಲ್ಲದಿದ್ದರೆ ಅಂಗೈಯನ್ನು ಬಟನ್ ಮೇಲೆ, ಅಂದರೆ ರಸ್ತೆಗೆ ತಾಗುವ ರಬ್ಬರ್ ಉಬ್ಬುಗಳ ಮೇಲೆ, ಒಳಗಿನಿಂದ ಹೊರಕ್ಕೆ ಎಳೆಯಿರಿ, ಆಮೇಲೆ ಹೊರಗಿನಿಂದ ಒಳಕ್ಕೆ. ಒಂದು ದಿಕ್ಕಿಗೆ ನಯವಾಗಿ ಜಾರಿ, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನ ಹಾಗೆ ತಡೆದರೆ ಚಕ್ರಗಳ ಕೋನ, ಅಂದರೆ ಅಲೈನ್‌ಮೆಂಟ್ ಹೋಗಿದೆ. ಎರಡೂ ಅಂಚು ಸವೆದು ನಡು ಚೆನ್ನಾಗಿದ್ದರೆ ಗಾಳಿ ಕಮ್ಮಿ ಇಟ್ಟು ಓಡಿಸಿದ್ದಾರೆ. ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿಯಾಗಿದೆ. ಅಲ್ಲಲ್ಲಿ ಗುಳಿ ಬಿದ್ದ ಹಾಗಿದ್ದರೆ ಶಾಕ್ ಅಬ್ಸಾರ್ಬರ್ ಇಲ್ಲವೇ ಚಕ್ರದ ತೂಕದ ಬ್ಯಾಲೆನ್ಸಿಂಗ್ ನೋಡಿಸಬೇಕು. ಈ ಕಾಯಿಲೆ ಗಾಡಿಯಲ್ಲಿ ಹಾಗೇ ಇದ್ದರೆ ಎಷ್ಟು ದುಬಾರಿ ಟೈರ್ ಹಾಕಿದರೂ ಅದನ್ನೂ ತಿಂದು ಹಾಕುತ್ತದೆ.

ಇದನ್ನು ನಾನು ಕಲಿತಿದ್ದು ಹೀಗೆ. ಒಂದು ಸಲ ನಾಲ್ಕೂ ಹೊಸ ಟೈರ್ ಹಾಕಿಸಿದೆ. ಅಲೈನ್‌ಮೆಂಟ್ ಮಷಿನ್ ಹತ್ತಿರ ನಾಲ್ಕು ಗಾಡಿ ಕ್ಯೂ ಇತ್ತು, ಏರ್‌ಪೋರ್ಟ್ ಟ್ರಿಪ್ ಬೇರೆ ಬಂತು. "ನಾಳೆ ಮಾಡಿಸೋಣ" ಅಂದುಕೊಂಡು ಹೊರಟೆ. ಆ ನಾಳೆ ಬರಲೇ ಇಲ್ಲ. ಹದಿಮೂರು ಸಾವಿರ ಕಿಲೋಮೀಟರ್ ಆದ ಮೇಲೆ ಗಾಡಿ ತೊಳೆಯಲು ಬಿಟ್ಟಾಗ, ವಾಟರ್ ಸರ್ವಿಸ್ ಹುಡುಗ ರ‍್ಯಾಂಪ್ ಕೆಳಗಿನಿಂದ ಕೂಗಿದ, "ಅಣ್ಣಾ, ಇಲ್ಲಿ ಬಂದು ನೋಡಿ." ಹೊರಗಡೆಯಿಂದ ಟೈರ್ ಹೊಸದರ ಹಾಗೇ ಇತ್ತು. ಒಳ ಅಂಚಿನಲ್ಲಿ ಎರಡು ಬೆರಳಗಲ ರಬ್ಬರೇ ಇಲ್ಲ, ಕೂದಲೆಳೆಯಂಥ ತಂತಿ ಹೊಳೆಯುತ್ತಿತ್ತು. ಹಿಂದಿನ ರಾತ್ರಿಯಷ್ಟೇ ಅದೇ ಟೈರಿನಲ್ಲಿ ದೇವನಹಳ್ಳಿ ದಾಟಿ ನೂರರಲ್ಲಿ ಬಂದಿದ್ದೆ. ಮೂಲ ಕಾರಣ, ಹಿಂದೆಂದೋ ಗುಂಡಿಗೆ ಬಿದ್ದಾಗ ಹಾಳಾಗಿದ್ದ ಲೋಯರ್ ಆರ್ಮ್ ಬುಷ್, ಅಂದರೆ ಚಕ್ರ ಹಿಡಿದಿಡುವ ತೋಳಿನ ರಬ್ಬರ್. ಮೊದಲೇ ಹಳೆ ಟೈರ್ ನೋಡಿದ್ದರೆ ಅದರ ಒಳ ಅಂಚೂ ಹಾಗೇ ಇತ್ತು, ಗೊತ್ತಾಗುತ್ತಿತ್ತು. ನಾನು ನೋಡಲಿಲ್ಲ.

ನಿಮ್ಮದು ಸೆಕೆಂಡ್ ಹ್ಯಾಂಡ್ ಗಾಡಿ, ಹಾಗಾಗಿ ಇನ್ನೊಂದು ನೋಡಬೇಕು. ಟೈರಿನ ಪಕ್ಕೆಯ ಮೇಲೆ ಡಿಒಟಿ ಅಂತ ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯಲ್ಲಿ ನಾಲ್ಕು ಅಂಕಿ. 2317 ಅಂದರೆ 2017ರ 23ನೇ ವಾರ ತಯಾರಾಗಿದ್ದು ಅಂತ. ನಾಲ್ಕೂ 2017ರದ್ದೇ ಆಗಿದ್ದರೆ ಅವು ಗಾಡಿ ಜೊತೆಗೇ ಬಂದ ಟೈರ್. ಬಟನ್ ಎಷ್ಟೇ ಉಳಿದಿರಲಿ, ಯೋಚನೆ ಮಾಡದೆ ತೆಗೆಸಿ. ರಬ್ಬರಿಗೂ ವಯಸ್ಸಾಗುತ್ತದೆ, ಪಕ್ಕೆಯಲ್ಲಿ ಸಣ್ಣ ಸಣ್ಣ ಬಿರುಕು ಕಾಣುತ್ತದೆ, ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿತ ಬಿಡುತ್ತದೆ. ಅದೇ ನಾಲ್ಕೂ 2020ರದ್ದೋ 2021ರದ್ದೋ ಆಗಿದ್ದರೆ, ಇಷ್ಟು ಕಮ್ಮಿ ಓಡಿದ ಗಾಡಿಗೆ ಅಷ್ಟು ಬೇಗ ಟೈರ್ ಯಾಕೆ ಬದಲಾಯಿಸಿದರು ಅಂತ ಒಂದು ಸಲ ಯೋಚಿಸಿ. ಮೀಟರ್ ಸುಳ್ಳು ಹೇಳಬಹುದು, ಅಚ್ಚಾದ ತಾರೀಖನ್ನು ತಿದ್ದುವುದು ಅಷ್ಟು ಸುಲಭ ಅಲ್ಲ.

ಸವೆತಕ್ಕೆ ಅಳತೆ ಟೈರಿನಲ್ಲೇ ಇದೆ. ಬಟನ್‌ಗಳ ನಡುವಿನ ಸಂದಿಯಲ್ಲಿ ಅಡ್ಡಡ್ಡ ಸಣ್ಣ ದಿಂಡುಗಳಿರುತ್ತವೆ, 1.6 ಮಿಲಿಮೀಟರ್ ಎತ್ತರ. ಬಟನ್ ಸವೆದು ಅದರ ಮಟ್ಟಕ್ಕೆ ಬಂದರೆ ಟೈರ್ ಕಾನೂನಿನ ಲೆಕ್ಕದಲ್ಲೂ ಮುಗಿಯಿತು. ನಾನಂತೂ 3 ಮಿಲಿಮೀಟರ್‌ಗೆ ಬಂದಾಗಲೇ, ಮಳೆಗಾಲಕ್ಕೆ ಮುಂಚೆ ಬದಲಾಯಿಸುತ್ತೇನೆ. ಹೈವೇಯಲ್ಲಿ ನೀರು ನಿಂತಿರುವಾಗ ಆ ಸಂದಿಗಳೇ ನೀರನ್ನು ಹೊರಗೆ ಎತ್ತಿ ಹಾಕಬೇಕು. ಆಳ ಇಲ್ಲದಿದ್ದರೆ ಟೈರ್ ನೀರಿನ ಮೇಲೆ ತೇಲುತ್ತದೆ, ಸ್ಟೇರಿಂಗ್ ಹಗುರವಾಗಿಬಿಡುತ್ತದೆ. ಆ ಅರ್ಧ ಸೆಕೆಂಡ್ ಅನುಭವಿಸಿದವರಿಗೇ ಗೊತ್ತು.

ಈಗ 185ರ ವಿಷಯ. ನಿಮ್ಮ ಅಂಗಡಿಯವರು 185 ಅಂದರು ಸರಿ, ಅದರ ಮುಂದಿನ ನಂಬರ್ ಹೇಳಿದರಾ? ಅಲ್ಲೇ ಇರೋದು ಆಟ. 165/80 ಅಂದರೆ ಅಗಲ 165 ಮಿಲಿಮೀಟರ್, ಪಕ್ಕೆಯ ಎತ್ತರ ಅದರ 80 ಪರ್ಸೆಂಟ್, ಅಂದರೆ 132. ಮೇಲೆ ಕೆಳಗೆ ಎರಡು ಪಕ್ಕೆ, ನಡುವೆ 14 ಇಂಚಿನ ರಿಮ್, ಒಟ್ಟು ಎತ್ತರ ಸುಮಾರು 620 ಮಿಲಿಮೀಟರ್. 185/70 ಆರ್14 ಹಾಕಿದರೆ ಸುಮಾರು 615 ಬರುತ್ತದೆ. ವ್ಯತ್ಯಾಸ ಐದೇ ಮಿಲಿಮೀಟರ್, ತೊಂದರೆ ಇಲ್ಲ, ನಿಮ್ಮ ರಿಮ್‌ಗೇ ಕೂರುತ್ತದೆ. ಆದರೆ ಕೆಲವರು ಸ್ಟಾಕ್ ಇದೆ ಅಂತ 185/65 ಆರ್14 ತಳ್ಳುತ್ತಾರೆ. ಅದರ ಎತ್ತರ 596. ಗಾಡಿ 12 ಮಿಲಿಮೀಟರ್ ಕೆಳಗೆ ಇಳಿಯಿತು. ಡಿಸೈರ್ ಮೊದಲೇ ತಗ್ಗು, ಡಿಕ್ಕಿಯಲ್ಲಿ ನೂಲಿನ ಮೂಟೆ ಬೇರೆ. ಹಳ್ಳಿ ಹಂಪುಗಳು ಹೊಟ್ಟೆ ಕೆರೆಯದೆ ಬಿಡುವುದಿಲ್ಲ. ಸ್ಪೀಡೋಮೀಟರ್ ನೂರು ತೋರಿಸುವಾಗ ಗಾಡಿ 96ರಲ್ಲಿ ಇರುತ್ತದೆ, ಓಡಿದ ಕಿಲೋಮೀಟರ್ ಕೂಡ ಜಾಸ್ತಿ ತೋರಿಸುತ್ತದೆ.

ಹಾಗಾದರೆ 185/70 ಹಾಕಿಸಲಾ ಅಂತ ಕೇಳಿದರೆ, ನಾನು ಬೇಡ ಅಂತೀನಿ. ಹಿಡಿತ ಸ್ವಲ್ಪ ಸಿಗುತ್ತದೆ, ನಿಜ. ಆದರೆ ಸ್ಟೇರಿಂಗ್ ಭಾರ, ಮೈಲೇಜ್ ಸ್ವಲ್ಪ ಇಳಿಯುತ್ತೆ, ಬೆಲೆ ಜಾಸ್ತಿ. ಅಷ್ಟೇ ದುಡ್ಡಿಗೆ ಅದೇ 165ರಲ್ಲಿ ಒಂದು ದರ್ಜೆ ಮೇಲಿನ ಟೈರ್ ಬರುತ್ತದೆ. ಸೈಜಿನ ಪಕ್ಕದಲ್ಲಿ 85ಟಿ ಅಂತ ಇರುತ್ತದೆ, ಅದನ್ನೂ ನೋಡಿ. 85 ಅಂದರೆ ಒಂದೊಂದು ಟೈರ್ 515 ಕೆಜಿ ಹೊರಬಲ್ಲದು, ಟಿ ಅಂದರೆ ಗಂಟೆಗೆ 190 ಕಿಲೋಮೀಟರ್ ವರೆಗೆ ತಡೆಯುತ್ತದೆ. ನೀವು ಲೋಡ್ ಹಾಕುವವರು, 85ಕ್ಕಿಂತ ಕಮ್ಮಿ ಇರೋದನ್ನು ಪುಕ್ಕಟೆ ಕೊಟ್ಟರೂ ತಗೋಬೇಡಿ.

ಕಂಪನಿ ವಿಷಯದಲ್ಲಿ ಒಂದೊಂದು ಸ್ಟ್ಯಾಂಡ್‌ನಲ್ಲಿ ಒಂದೊಂದು ಧರ್ಮ. ನಮ್ಮ ಸ್ಟ್ಯಾಂಡ್‌ನಲ್ಲಿ ಎಂಆರ್‌ಎಫ್ ಬಿಟ್ಟು ಬೇರೆ ಮುಟ್ಟದವರು ಇದ್ದರು. ನಮ್ಮಪ್ಪ ಈಗಲೂ ಅಂಗಡಿಯಲ್ಲಿ "ವಿಕ್ರಾಂತ್ ಇದೆಯಾ" ಅಂತಲೇ ಕೇಳುವುದು. ಮೈಸೂರಿನ ಆ ಫ್ಯಾಕ್ಟರಿ 1997ರಲ್ಲೇ ಜೆಕೆ ಟೈರ್ ಕೈಗೆ ಹೋಯಿತು ಅಂದರೆ "ಹೋಗಲಿ ಬಿಡು, ಮೈಸೂರಿನದೇ ತಾನೇ" ಅಂತಾರೆ. ನನ್ನ ಲೆಕ್ಕ ಬೇರೆ. ಗಟ್ಟಿ ರಬ್ಬರ್ ಆದರೆ ಬಾಳಿಕೆ ಜಾಸ್ತಿ, ಮಳೆಯಲ್ಲಿ ಬ್ರೇಕ್ ಹಿಡಿತ ಸ್ವಲ್ಪ ಕಮ್ಮಿ, ಸದ್ದೂ ಜಾಸ್ತಿ. ಮೆತ್ತಗಿನ ರಬ್ಬರ್ ಅಂದರೆ ಇದರ ಉಲ್ಟಾ. ಎರಡೂ ಒಂದರಲ್ಲೇ ಪೂರ್ತಿ ಸಿಗುತ್ತೆ ಅನ್ನುವವರನ್ನು ನಂಬಬೇಡಿ. ಅಪೋಲೊ ಅಮೇಝರ್ 4ಜಿ ಲೈಫ್, ಸಿಯೆಟ್ ಮೈಲೇಜ್ ಎಕ್ಸ್3, ಜೆಕೆ ಟ್ಯಾಕ್ಸಿಮ್ಯಾಕ್ಸ್, ಇವೆಲ್ಲ ಬಾಳಿಕೆಗೆ ಅಂತಲೇ ಮಾಡಿದವು. ದಿನಕ್ಕೆ 250 ಕಿಲೋಮೀಟರ್ ಓಡಿಸುತ್ತಿದ್ದಾಗ ನಾನೂ ಆ ಕಡೆಯವನೇ. ಮಿಶೆಲಿನ್ ಎನರ್ಜಿ ಎಕ್ಸ್‌ಎಂ2 ಪ್ಲಸ್, ಯೊಕೊಹಾಮಾ ಅರ್ಥ್‌-1 ಥರದವು ಮೆತ್ತಗೆ ಓಡುತ್ತವೆ, ಕ್ಯಾಬಿನ್ ಒಳಗೆ ಸದ್ದು ಕಮ್ಮಿ.

ನೀವು ವಾರಕ್ಕೆ ಮೂರು ಸಲ, ಮಳೆ ಇರಲಿ ಬಿಸಿಲಿರಲಿ, ಟೈಮಿಗೆ ಹೋಗಲೇಬೇಕಾದವರು. ಬೆಂಗಳೂರು ಹೈವೇಯಲ್ಲಿ ಮುಂದಿನ ಗಾಡಿ ಯಾವಾಗ ಬ್ರೇಕ್ ಹೊಡೆಯುತ್ತದೋ ಗೊತ್ತಿಲ್ಲ. ನಾನಾಗಿದ್ದರೆ ಹತ್ತು ಸಾವಿರ ಕಿಲೋಮೀಟರ್ ಬಾಳಿಕೆ ಬಿಟ್ಟುಕೊಟ್ಟು ಒದ್ದೆಯಲ್ಲಿ ಹಿಡಿಯುವ ಟೈರನ್ನೇ ತಗೋತಿದ್ದೆ. ಒಂದು ಮಾತು ಮಾತ್ರ: ನಮ್ಮ ಕಡೆ ಕ್ರಷರ್ ಜಾಸ್ತಿ, ಟಿಪ್ಪರ್‌ಗಳು ದಾರಿಯುದ್ದಕ್ಕೂ ಜಲ್ಲಿ ಉದುರಿಸಿಕೊಂಡು ಹೋಗುತ್ತವೆ. ಮೆತ್ತಗಿನ ಟೈರಾದರೆ ವಾರಕ್ಕೊಮ್ಮೆ ಸ್ಕ್ರೂಡ್ರೈವರ್ ಹಿಡಿದು ಸಿಕ್ಕಿಕೊಂಡ ಕಲ್ಲು ಕೀಳುವ ಅಭ್ಯಾಸ ಮಾಡಿಕೊಳ್ಳಿ.

ಅಂಗಡಿಯಲ್ಲಿ ಟೈರ್ ತಂದಿಟ್ಟ ತಕ್ಷಣ ತಾರೀಖು ನೋಡಿ. ಪೂರ್ತಿ ತಾರೀಖು ಸಾಮಾನ್ಯವಾಗಿ ಒಂದೇ ಪಕ್ಕೆಯಲ್ಲಿ ಇರುತ್ತದೆ, ಇನ್ನೊಂದು ಮಗ್ಗುಲು ಹೊರಳಿಸಬೇಕಾಗಬಹುದು. ಒಮ್ಮೆ ನನಗೆ ತಂದಿಟ್ಟ ನಾಲ್ಕರಲ್ಲಿ ಎರಡು ಆರು ತಿಂಗಳ ಹಿಂದಿನವು, ಇನ್ನೆರಡು ಮೂರು ವರ್ಷದ ಹಿಂದಿನವು. "ಹೊಸದೇ ಅಣ್ಣ, ಸ್ಟಿಕ್ಕರ್ ಕೂಡ ಕಿತ್ತಿಲ್ಲ" ಅಂದ ಹುಡುಗ. ಅಂಕಿ ಮೇಲೆ ಬೆರಳಿಟ್ಟು ತೋರಿಸಿದೆ. ಏನೂ ಮಾತಾಡದೆ ಒಳಗೆ ಹೋಗಿ ಬೇರೆ ಎರಡು ತಂದ. ಒಂದು ವರ್ಷದ ಒಳಗಿನದು ಸಿಕ್ಕರೆ ಸಾಕು, ಹೋದ ತಿಂಗಳದ್ದೇ ಬೇಕು ಅಂತ ಹಟ ಬೇಡ. ಐಎಸ್‌ಐ ಗುರುತು ಇರಲಿ. ಜಿಎಸ್‌ಟಿ ಬಿಲ್ ಕಡ್ಡಾಯ ತಗೊಳ್ಳಿ, ಅದಿಲ್ಲದೆ ವಾರಂಟಿ ಕೇಳೋಕೆ ಆಗಲ್ಲ. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ಯಾರಾದರೂ ಹಳೇ ರೇಟು ಪಟ್ಟಿ ತೋರಿಸಿದರೆ ಇದನ್ನು ನೆನಪಿಸಿ.

ಎರಡೇ ಸಾಕಾ ಅಂತ ಕೇಳಿದ್ದಿರಿ. ಉಳಿದ ಎರಡು ನಿಜವಾಗಲೂ ಚೆನ್ನಾಗಿದ್ದರೆ ಸಾಕು. ಆದರೆ ಹೊಸ ಎರಡನ್ನು ಹಿಂದಕ್ಕೆ ಹಾಕಿಸಿ. ಹುಡುಗರು ಕೇಳದೆ ಮುಂದಕ್ಕೆ ಹಾಕುತ್ತಾರೆ, "ಇಂಜಿನ್ ಎಳೆಯೋದು ಮುಂದೆ ತಾನೇ" ಅಂತ. ಮಳೆಯಲ್ಲಿ ಮುಂದಿನ ಟೈರ್ ಜಾರಿದರೆ ಸ್ಟೇರಿಂಗ್‌ನಲ್ಲೇ ಗೊತ್ತಾಗುತ್ತದೆ, ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಸಾಮಾನ್ಯವಾಗಿ ಮತ್ತೆ ಹಿಡಿತ ಸಿಗುತ್ತದೆ. ಹಿಂದಿನದು ಜಾರಿದರೆ ಗಾಡಿ ಬಾಲ ತಿರುಗಿಸುತ್ತದೆ, ನಮ್ಮಂಥವರ ಕೈಗೆ ಸಿಗಲ್ಲ. ನಂದಿ ಬೆಟ್ಟದ ತಿರುವಿನಲ್ಲಿ ತುಂತುರು ಮಳೆಗೇ ನನಗೆ ಹಾಗಾಯಿತು. ಎದುರಿಗೆ ಯಾರೂ ಬರಲಿಲ್ಲ, ಅಷ್ಟೇ ನನ್ನ ಪುಣ್ಯ. ಹಿಂದೆ ನುಣ್ಣಗಿನ ಹಳೇ ಟೈರ್, ಮುಂದೆ ಹೊಳೆಯುವ ಹೊಸದು.

ಹಾಕಿಸುವಾಗ ಟೀ ಕುಡಿಯಲು ಹೋಗಬೇಡಿ, ಅಲ್ಲೇ ನಿಲ್ಲಿ. ನಾಲ್ಕಕ್ಕೂ ಹೊಸ ವಾಲ್ವ್ ಹಾಕಿಸಿ, ಅದರ ದುಡ್ಡು ಏನೂ ಅಲ್ಲ. ನಾಲ್ಕೂ ಚಕ್ರ ಬ್ಯಾಲೆನ್ಸ್ ಆಗಬೇಕು, ಕೊನೆಗೆ ಅಲೈನ್‌ಮೆಂಟ್. ಕ್ಯೂ ಎಷ್ಟೇ ಇರಲಿ, ನನ್ನ ಹಾಗೆ ನಾಳೆ ಅನ್ನಬೇಡಿ. ಗಾಳಿ ಬದಲು ನೈಟ್ರೋಜನ್ ತುಂಬಿಸೋದು ಸುಮ್ನೆ ದಂಡ. ನಾವು ಉಸಿರಾಡುವ ಗಾಳಿಯಲ್ಲೇ 78 ಪರ್ಸೆಂಟ್ ಅದೇ ಇದೆ. ಗಾಳಿ ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ. ಟೈರ್ ತಣ್ಣಗಿರುವಾಗ ಹೊಡೆಸಿ, ಲೋಡ್ ಇರುವ ದಿನಕ್ಕೆ ಅದರಲ್ಲಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ನಿಧಾನ, ಹೊಸ ರಬ್ಬರ್ ಮೇಲೆ ಅಚ್ಚಿನ ಜಿಡ್ಡು ಇರುತ್ತದೆ. ಆಮೇಲೆ ಎಂಟು ಹತ್ತು ಸಾವಿರಕ್ಕೊಮ್ಮೆ ಹಿಂದೆ ಮುಂದೆ ಬದಲಾಯಿಸಿ.

ಹಾಂ, ಸ್ಟೆಪ್ನಿ ಮರೆಯಬೇಡಿ. ಒಂದು ದಿನವೂ ರಸ್ತೆ ಕಾಣದೆ ಹೊಸದರ ಹಾಗೆ ಹೊಳೆಯುತ್ತಿರಬಹುದು, ಆದರೆ ಅದೂ 2017ರದ್ದೇ ಆಗಿರುತ್ತದೆ. ತಾರೀಖು ನೋಡಿ. ಬಿಚ್ಚಿದ ಹಳೇ ನಾಲ್ಕರಲ್ಲಿ ವಯಸ್ಸು ಕಮ್ಮಿ ಇರುವ ಒಳ್ಳೆಯದೊಂದಿದ್ದರೆ ಅದನ್ನೇ ಸ್ಟೆಪ್ನಿ ಮಾಡಿಕೊಳ್ಳಿ.

ನಾಳೆ ಬೆಳಗ್ಗೆ ನಾಲ್ಕೂ ಟೈರಿನ ಒಳ ಅಂಚಿನ ಫೋಟೋ, ತಾರೀಖಿನ ಅಂಕಿ ಇಲ್ಲೇ ಹಾಕಿ. ಎರಡಾ ನಾಲ್ಕಾ ಅಂತ ಅದನ್ನು ನೋಡಿ ಹೇಳುತ್ತೇನೆ.