ಗೀರು ಬಿದ್ದ ರ‍್ಯಾಮ್: ಕಣ್ಣಿನಿಂದ ಎಷ್ಟು ತಿಳಿಯುತ್ತದೆ?

ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಆನ್‌ಲೈನಿನಲ್ಲೋ ಹಳೆಯ ರ‍್ಯಾಮ್ ತಂದವರ ಪತ್ರಗಳು ಈ ತಿಂಗಳೂ ಬಂದಿವೆ. ಹೆಚ್ಚಿನವು ಒಂದೇ ಪ್ರಶ್ನೆಯ ಹತ್ತು ರೂಪಗಳು. ಅದಕ್ಕೆ ಒಮ್ಮೆ ಪೂರ್ತಿಯಾಗಿ ಉತ್ತರಿಸುತ್ತೇನೆ. ಪೆನ್‌ಡ್ರೈವಿನಿಂದ ಬೂಟ್ ಮಾಡುವುದು, ರ‍್ಯಾಮನ್ನು ಸ್ಲಾಟಿಗೆ ಕೂರಿಸುವುದು ನಿಮಗೆ ಗೊತ್ತಿದೆ ಎಂದುಕೊಂಡೇ ಬರೆಯುತ್ತೇನೆ.

ಪ್ರಶ್ನೆ: 8 ಜಿಬಿಯ ಡಿಡಿಆರ್4 ರ‍್ಯಾಮ್ ಕೊಂಡೆ. ಸ್ಟಿಕ್ಕರ್ ಅರ್ಧ ಹರಿದಿದೆ, ಒಂದು ಮೂಲೆಯಲ್ಲಿ ಚಕ್ಕೆ ಎದ್ದಿದೆ, ಪಿನ್ನುಗಳ ಮೇಲೆ ಗೀರುಗಳಿವೆ. ಆದರೂ ಕಂಪ್ಯೂಟರ್ ಆನ್ ಆಗುತ್ತದೆ, 8 ಜಿಬಿ ಎಂದೇ ತೋರಿಸುತ್ತದೆ. ‘ನೋಡಲಷ್ಟೇ ಹಾಗೆ, ಕೆಲಸಕ್ಕೆ ಏನೂ ಆಗಿಲ್ಲ’ ಎನ್ನುತ್ತಾರೆ ಮಾರಿದವರು. ನಂಬಬಹುದೆ? (ದಾವಣಗೆರೆ)

8 ಜಿಬಿ ಎಂದು ತೋರಿಸುವುದನ್ನು ದಯವಿಟ್ಟು ಪರೀಕ್ಷೆ ಎಂದು ಕರೆಯಬೇಡಿ. ಆ ಅಂಕಿ ರ‍್ಯಾಮಿನ ಮೇಲಿರುವ ಒಂದು ಪುಟ್ಟ ಚಿಪ್ಪಿನಲ್ಲಿ ಬರೆದಿಟ್ಟದ್ದು. ಬಯೋಸ್ ಅದನ್ನು ಓದಿ ನಿಮಗೆ ಒಪ್ಪಿಸುತ್ತದೆ. ಪಡಿತರ ಚೀಟಿಯಲ್ಲಿ ಎಂಟು ಹೆಸರಿದ್ದ ಮಾತ್ರಕ್ಕೆ ಮನೆಯಲ್ಲಿ ಎಂಟು ಜನ ಇದ್ದಾರೆ ಎನ್ನಲಾಗುವುದಿಲ್ಲ. 8 ಜಿಬಿ ಎಂದರೆ 6,800 ಕೋಟಿಗೂ ಹೆಚ್ಚು ಬಿಟ್‌ಗಳು. ಅವುಗಳಲ್ಲಿ ಒಂದೇ ಒಂದು ಕೆಟ್ಟಿದ್ದರೂ ಕಂಪ್ಯೂಟರ್ ಆನ್ ಆಗುತ್ತದೆ, ಹಾಡು ಹಾಡುತ್ತದೆ, ವಾರಗಟ್ಟಲೆ ಸುಮ್ಮನಿರುತ್ತದೆ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಇಂಥದೇ ರ‍್ಯಾಮ್ ಹಾಕಿದ ಯಂತ್ರದಲ್ಲಿ ಮನೆಯ ಹಳೆಯ ಫೋಟೋಗಳನ್ನೆಲ್ಲ ಹೊಸ ಡಿಸ್ಕಿಗೆ ನಕಲು ಮಾಡಿ, ಹಳೆಯದನ್ನು ಅಳಿಸಿಬಿಟ್ಟೆ. ತಿಂಗಳ ನಂತರ ತೆರೆದು ನೋಡಿದರೆ ಹಲವು ಚಿತ್ರಗಳು ಅರ್ಧಕ್ಕೇ ಬೂದಿಬಣ್ಣಕ್ಕೆ ತಿರುಗಿದ್ದವು. ನಕಲು ಮಾಡುವಾಗ ಒಂದೇ ಒಂದು ದೋಷದ ಸೂಚನೆಯೂ ಬಂದಿರಲಿಲ್ಲ. ಮಾಮೂಲಿ ಕಂಪ್ಯೂಟರಿನ ರ‍್ಯಾಮ್ ತನ್ನ ತಪ್ಪನ್ನು ತಾನೇ ಹಿಡಿಯುವುದಿಲ್ಲ. ಆ ಸೌಕರ್ಯ ಇರುವುದು ಸರ್ವರುಗಳ ಇಸಿಸಿ ರ‍್ಯಾಮಿನಲ್ಲಿ. ಈ ವಿಷಯದಲ್ಲಿ ನನ್ನದು ಅತಿ ಎಚ್ಚರಿಕೆ ಎಂದು ನಿಮಗೆ ಅನ್ನಿಸಿದರೆ ಅನ್ನಿಸಲಿ.

ಮೊದಲು ಭೂತಗನ್ನಡಿ ಹಿಡಿಯಿರಿ. ಪಿನ್ನುಗಳ ಉದ್ದಕ್ಕೆ ನೇರವಾಗಿ ಬಿದ್ದ ಗೀರು ಸ್ಲಾಟಿಗೆ ಹಾಕಿ ತೆಗೆದದ್ದರ ಗುರುತು, ಅದನ್ನು ಮರೆತುಬಿಡಿ. ಅಡ್ಡಡ್ಡ ಬಿದ್ದು, ಚಿನ್ನದ ಲೇಪ ಹೋಗಿ ಕೆಳಗಿನ ತಾಮ್ರ ಕಾಣುವಂಥ ಗೀರಿದ್ದರೆ ಹಿಂದಿರುಗಿಸಿ. ಮೂಲೆಯ ಚಕ್ಕೆಯಲ್ಲಿ ಹಲಗೆಯ ಅಂಚಷ್ಟೇ ಹೋಗಿದೆಯೋ, ಒಳಗಿನ ತಾಮ್ರದ ಗೆರೆ ಮಿನುಗುತ್ತಿದೆಯೋ ನೋಡಿ. ಈ ತೆಳು ಹಲಗೆಯೊಳಗೆ ಒಂದರ ಮೇಲೊಂದು ಹಲವು ಪದರಗಳಲ್ಲಿ ತಾಮ್ರವಿದೆ. ಚಕ್ಕೆ ಎದ್ದಲ್ಲಿ ಎರಡು ಪದರ ಒಂದಕ್ಕೊಂದು ತಾಗಿದರೆ ರ‍್ಯಾಮಿನ ಜೊತೆ ಮದರ್‌ಬೋರ್ಡೂ ಹೋಗಬಹುದು. ತಾಮ್ರ ಕಂಡರೆ ಅದನ್ನು ಇನ್ನೊಮ್ಮೆ ಹಾಕಲೇಬೇಡಿ.

ಗೀರಿಗಿಂತ ಮುಖ್ಯವಾದದ್ದು ಉದುರಿಹೋದ ಭಾಗ. ಪಿನ್ನುಗಳ ಮೇಲ್ಗಡೆ ಸಾಸಿವೆಗಿಂತ ಸಣ್ಣ ರೆಸಿಸ್ಟರುಗಳ ಸಾಲಿದೆ, ಚಿಪ್ಪುಗಳ ಸುತ್ತ ಕಂದುಬಣ್ಣದ ಕೆಪಾಸಿಟರುಗಳಿವೆ. ಬರಿದಾದ ಜಾಗ ಕಂಡೊಡನೆ ಗಾಬರಿಯಾಗಬೇಡಿ. ಕೆಲವನ್ನು ತಯಾರಕರೇ ಖಾಲಿ ಬಿಟ್ಟಿರುತ್ತಾರೆ. ಅಂಥ ಜಾಗ ಸಮತಟ್ಟಾಗಿ, ನಯವಾಗಿ ಹೊಳೆಯುತ್ತದೆ. ಕಿತ್ತುಹೋದ ಜಾಗದಲ್ಲಿ ಬೆಸುಗೆ ಒರಟಾಗಿ, ಮಂಕಾಗಿ, ಮುರಿದ ಹಲ್ಲಿನ ಬುಡದ ಹಾಗೆ ನಿಂತಿರುತ್ತದೆ. ರೆಸಿಸ್ಟರ್ ಹೋಗಿದ್ದರೆ ಸಾಮಾನ್ಯವಾಗಿ ರ‍್ಯಾಮ್ ಏಳುವುದೇ ಇಲ್ಲ. ಕೆಪಾಸಿಟರ್ ಹೋದದ್ದು ಹೆಚ್ಚು ಅಪಾಯಕಾರಿ: ತಣ್ಣಗಿರುವಾಗ ನಡೆಯುತ್ತದೆ, ಕೆಲಸ ಹೆಚ್ಚಾಗಿ ಬಿಸಿಯೇರಿದಾಗ ತಪ್ಪುತ್ತದೆ.

ಹರಿದ ಸ್ಟಿಕ್ಕರಿನಿಂದ ಕೆಲಸಕ್ಕೆ ತೊಂದರೆಯಿಲ್ಲ. ಆದರೆ ಚಿಪ್ಪುಗಳ ಮೇಲೆ ಉಗುರಾಡಿಸಿ ನೋಡಿ. ಮೇಲ್ಮೈ ತರಿತರಿಯಾಗಿದ್ದು ಅಕ್ಷರಗಳು ಅಳಿಸಿದ್ದರೆ, ಯಾರೋ ಉಜ್ಜಿ ಬೇರೆ ಹೆಸರಿನಲ್ಲಿ ಮಾರಿದ್ದಾರೆ ಎಂಬ ಅನುಮಾನ ನನಗೆ ಬರುತ್ತದೆ. ಒಳಗಿನ ಪುಟ್ಟ ಚಿಪ್ಪಿನ ವಿವರವನ್ನೂ ತಿದ್ದಿ ಬರೆಯಲು ಬರುತ್ತದೆ.

ಇನ್ನು ನಿಜವಾದ ಪರೀಕ್ಷೆ. ಮೊದಲು ನಿಮ್ಮ ಹಳೆಯ, ಸರಿಯಿರುವ ರ‍್ಯಾಮನ್ನೇ ಅದೇ ಸ್ಲಾಟಿನಲ್ಲಿ ಪರೀಕ್ಷಿಸಿ. ಇದನ್ನು ಯಾರೂ ಮಾಡುವುದಿಲ್ಲ. ಸ್ಲಾಟಿನ ಧೂಳಿಗೆ ರ‍್ಯಾಮನ್ನು ಬೈಯುತ್ತಾರೆ. ಬಳಿಕ ಕೊಂಡು ತಂದದ್ದನ್ನು ಒಂಟಿಯಾಗಿ ಹಾಕಿ, ಬಯೋಸಿನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಮಾಮೂಲಿಗಿಂತ ಹೆಚ್ಚಿನ ವೇಗದಲ್ಲಿ ಓಡಿಸುವ ಆಯ್ಕೆ) ಆಫ್ ಮಾಡಿ, ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86+ ಓಡಿಸಿ. ಅದು ಉಚಿತ. ರಾತ್ರಿ ಮಲಗುವಾಗ ಶುರು ಮಾಡಿ, ಬೆಳಿಗ್ಗೆ ನೋಡಿ. ಕನಿಷ್ಠ ನಾಲ್ಕು ಸುತ್ತಾದರೂ ಮುಗಿದಿರಬೇಕು. ಕ್ಯಾಬಿನೆಟ್ಟಿನ ಮುಚ್ಚಳ ಹಾಕಿಯೇ ಇರಲಿ, ಬಿಸಿಯಲ್ಲಿ ಹೇಗಿದೆ ಎಂಬುದೇ ನಮಗೆ ಬೇಕಾದದ್ದು.

ಕೆಂಪು ಸಾಲು ಒಂದೇ ಒಂದು ಬಂದರೂ ಸ್ಲಾಟ್ ಬದಲಿಸಿ ಮತ್ತೆ ಓಡಿಸಿ. ಅದೇ ವಿಳಾಸದ ಆಸುಪಾಸಿನಲ್ಲಿ ಮತ್ತೆ ಬಂದರೆ ರ‍್ಯಾಮ್ ಕೆಟ್ಟಿದೆ. ‘ಒಂದೇ ತಪ್ಪಲ್ಲವೆ’ ಎಂದು ಕೇಳಬೇಡಿ. ನನ್ನ ಫೋಟೋಗಳನ್ನು ತಿಂದದ್ದೂ ಒಂದೇ ಬಿಟ್. ಸೊನ್ನೆ ತಪ್ಪು ಬಂದರೆ ಎಕ್ಸ್‌ಎಂಪಿ ಹಾಕಿ ಇನ್ನೊಂದು ರಾತ್ರಿ, ಕೊನೆಗೆ ಹಳೆಯ ರ‍್ಯಾಮಿನ ಜೊತೆ ಸೇರಿಸಿ ಮತ್ತೊಂದು ರಾತ್ರಿ. ಮೂರನ್ನೂ ದಾಟಿದರೆ ಗೀರಿದ್ದರೂ ನಿಶ್ಚಿಂತೆಯಿಂದ ಬಳಸಿ. ಆಮೇಲೂ ಮೊದಲ ತಿಂಗಳು ಮುಖ್ಯ ಕಡತಗಳ ಹಳೆಯ ಪ್ರತಿಯನ್ನು ಅಳಿಸಬೇಡಿ.

ಪ್ರಶ್ನೆ: ಕಪ್ಪಾದ ಪಿನ್ನುಗಳನ್ನು ಟೂತ್‌ಪೇಸ್ಟ್ ಅಥವಾ ಉಪ್ಪುಕಾಗದದಿಂದ ಉಜ್ಜಬಹುದೆ? ವಿಡಿಯೋದಲ್ಲಿ ತೋರಿಸಿದ್ದರು. (ಹಾಸನ)

ಬೇಡ. ಚಿನ್ನದ ಲೇಪ ಕೂದಲಿಗಿಂತ ಎಷ್ಟೋ ತೆಳು, ಎರಡು ಸಲ ಉಜ್ಜಿದರೆ ಮುಗಿಯಿತು. ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ, ನೂಲು ಬಿಡದ ಬಟ್ಟೆ ಸಾಕು. ಮೊಂಡು ಕಲೆಗೆ ಬಿಳಿಯ ಮೆತ್ತನೆ ರಬ್ಬರನ್ನು ಹಗುರವಾಗಿ ಒಮ್ಮೆ ಆಡಿಸಿ, ಪುಡಿಯನ್ನು ಒರೆಸಿ. ಕೆಟ್ಟ ರ‍್ಯಾಮನ್ನು ಓವನ್ನಿನಲ್ಲಿಟ್ಟು ‘ಬದುಕಿಸುವ’ ವಿಡಿಯೋ ಮಾಡುವವರು ನಿಮ್ಮ ಮನೆಯ ಗಾಳಿಯನ್ನೂ ಕೆಡಿಸುತ್ತಿದ್ದಾರೆ.

ಪ್ರಶ್ನೆ: ವಿಂಡೋಸಿನೊಳಗಿನ ಮೆಮೊರಿ ಪರೀಕ್ಷೆ ಸಾಲದೆ? (ಮಂಗಳೂರು)

ಅದು ಕೆಟ್ಟಿದೆ ಎಂದರೆ ನಂಬಿ. ಚೆನ್ನಾಗಿದೆ ಎಂದರೆ ಮೇಲಿನದನ್ನು ಮಾಡಿ.

ಪ್ರಶ್ನೆ: ಡಿಡಿಆರ್3 ಸ್ಲಾಟಿಗೆ ಡಿಡಿಆರ್4 ಕೂರುತ್ತಿಲ್ಲ, ಸ್ವಲ್ಪ ಒತ್ತಲೆ? (ಬೀದರ್)

ಒತ್ತಬೇಡಿ. ಒಂದಕ್ಕೆ 240 ಪಿನ್ನು, ಇನ್ನೊಂದಕ್ಕೆ 288.

ಪ್ರಶ್ನೆ: ಮುನ್ನೂರು ರೂಪಾಯಿ ಕಡಿಮೆಗೆ ಕೊಡುತ್ತಾರೆ, ಆದರೆ ವಾಪಸು ತೆಗೆದುಕೊಳ್ಳುವುದಿಲ್ಲವಂತೆ. ಕೊಳ್ಳಲೆ? (ತುಮಕೂರು)

ಬೇಡ. ಮೂರು ರಾತ್ರಿಯ ಪರೀಕ್ಷೆಗೆ ಕನಿಷ್ಠ ಒಂದು ವಾರದ ವಾಯಿದೆ ಬೇಕು. ಬಿಲ್ಲಿನ ಮೇಲೆ ಅದನ್ನು ಬರೆದುಕೊಡುವ ಅಂಗಡಿಗೆ ಆ ಮುನ್ನೂರನ್ನು ಕೊಡಿ.