ಎಡಗೈ ಹೆಬ್ಬೆಟ್ಟಿನ ಕಾಗದ

ಕೋರ್ಟ್ ಕಟ್ಟೆ: ಓದುಗರ ಪ್ರಶ್ನೆಗಳಿಗೆ ಕಾರವಾರದ ಹಿರಿಯ ವಕೀಲರ ಉತ್ತರ

ಪ್ರಶ್ನೆ: ನನ್ನ ಗಂಡ ಕರಾವಳಿಯ ಒಂದು ಪಟ್ಟಣದಲ್ಲಿ ಗುತ್ತಿಗೆದಾರರ ಕೈಕೆಳಗೆ ಕಸದ ಗಾಡಿಯ ಲೋಡರ್ ಆಗಿದ್ದರು. 2024ರ ಜುಲೈ 22, ಸೋಮವಾರ, ಮೀನು ಮಾರುಕಟ್ಟೆಯ ಹಿಂದೆ ಕಸ ತುಂಬುವಾಗ ಥರ್ಮಾಕೋಲ್ ಪೆಟ್ಟಿಗೆ ಗಾಡಿಯ ಒತ್ತುಹಲಗೆಗೆ ಸಿಕ್ಕಿಕೊಂಡಿತು. ಎಳೆಯಲು ಕೈ ಹಾಕಿದಾಗ ಹಲಗೆ ಇಳಿಯಿತು. ಬಲಗೈಯ ತೋರುಬೆರಳು, ನಡುಬೆರಳು ಎರಡೂ ಬುಡದಿಂದ ಹೋದವು. ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತ್ತು, ಹಾಗಾಗಿ ಗೋವಾಕ್ಕೆ ಕರೆದೊಯ್ದೆವು. ಆಸ್ಪತ್ರೆಯಲ್ಲಿ ಮೇಸ್ತ್ರಿ ಮುಂದೆ ನಿಂತು ‘ಮನೆಯಲ್ಲಿ ಆದ ಗಾಯ’ ಎಂದು ಬರೆಸಿದರು. ಬಿಲ್ ಗುತ್ತಿಗೆದಾರರೇ ಕಟ್ಟಿದರು. ಹದಿನೈದು ದಿನಗಳ ನಂತರ 40,000 ರೂಪಾಯಿ ಕೊಟ್ಟು ಛಾಪಾ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಕೈಗವಸು ಹಾಕಿರಲಿಲ್ಲ, ತಪ್ಪು ಇವರದೇ ಎನ್ನುತ್ತಾರೆ. ಪುರಸಭೆಯವರು ‘ನಮ್ಮ ನೌಕರ ಅಲ್ಲ’ ಎನ್ನುತ್ತಾರೆ. ಸಂಬಳದಲ್ಲಿ ಪಿ.ಎಫ್. ಹಿಡಿಯುತ್ತಿದ್ದರು, ಇ.ಎಸ್.ಐ. ಇಲ್ಲ. ಈಗ ನಾವು ನನ್ನ ತವರಾದ ಹೊನ್ನಾವರದ ಕಡೆ ಇದ್ದೇವೆ. ಮುಗಿದ ವಿಷಯ ಎಂದು ಸುಮ್ಮನಿರಬೇಕೆ?
— ಹೆಸರು ಬೇಡ

ಉತ್ತರ: ತಂಗಿ, ಮುಗಿದಿಲ್ಲ. ಆದರೆ ಮುಗಿಯುವ ದಿನ ಒಂದಿದೆ, ಅದು 2026ರ ಜುಲೈ 22. ಅಪಘಾತವಾದ ಎರಡು ವರ್ಷಗಳೊಳಗೆ ಪರಿಹಾರದ ಅರ್ಜಿ ಹಾಕಬೇಕು. ತಡವಾದರೆ ಸೂಕ್ತ ಕಾರಣ ತೋರಿಸಿ ಮನ್ನಿಸಿ ಎಂದು ಕೇಳಲು ಅವಕಾಶವಿದೆ. ಆದರೆ ಬಾಗಿಲು ತೆರೆದಿರುವಾಗ ಕಿಟಕಿಯಿಂದ ಹತ್ತುವುದೇಕೆ?

ನೀವು ಪತ್ರದ ಜೊತೆ ಕಳುಹಿಸಿದ ಒಪ್ಪಂದದ ನಕಲನ್ನು ಎರಡು ಸಲ ಓದಿದೆ. ‘ಮಾನವೀಯ ನೆಲೆಯಲ್ಲಿ 40,000 ರೂಪಾಯಿ ಪಡೆದಿದ್ದು, ಇನ್ನು ಮುಂದೆ ಯಾವುದೇ ತಂಟೆ ತಕರಾರು ಇರುವುದಿಲ್ಲ’ ಎಂದಿದೆ. ಅದರ ಕೆಳಗೆ ಹೆಬ್ಬೆಟ್ಟಿನ ಗುರುತು, ಪಕ್ಕದಲ್ಲಿ ಬೇರೆ ಯಾರದೋ ಅಕ್ಷರದಲ್ಲಿ ‘ಎ.ಹೆ.ಗು.’, ಎಂದರೆ ಎಡಗೈ ಹೆಬ್ಬೆಟ್ಟಿನ ಗುರುತು. ನಿಮ್ಮ ಗಂಡ ಏಳನೆಯ ತರಗತಿ ಓದಿದವರು, ಸಂಬಳದ ಪುಸ್ತಕದಲ್ಲಿ ಪ್ರತಿ ತಿಂಗಳು ಸಹಿ ಮಾಡಿದವರು ಎಂದು ನೀವೇ ಬರೆದಿದ್ದೀರಿ. ಸಹಿ ಬಲ್ಲವನು ಹೆಬ್ಬೆಟ್ಟು ಏಕೆ ಒತ್ತಿದ? ಬಲಗೈ ಪಟ್ಟಿಯೊಳಗಿತ್ತು, ಪೆನ್ನು ಹಿಡಿಯುವ ಬೆರಳುಗಳೇ ಇರಲಿಲ್ಲ. ಆ ಕಾಗದವನ್ನು ಜೋಪಾನವಾಗಿಡಿ. ಅವರು ತಮ್ಮ ರಕ್ಷಣೆಗೆಂದು ಮಾಡಿಸಿಕೊಂಡದ್ದು ನಿಮ್ಮ ಸಾಕ್ಷಿಯಾಗುತ್ತದೆ. ಹದಿನೈದು ದಿನಗಳ ಹಸಿ ಗಾಯದ ಮನುಷ್ಯನಿಂದ ಅದನ್ನು ಪಡೆದರು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು.

ಕಾನೂನಿನಲ್ಲಿ ಆ ಕಾಗದಕ್ಕೆ ಬೆಲೆ ಇಲ್ಲ. 1923ರ ನೌಕರರ ಪರಿಹಾರ ಕಾಯ್ದೆಯ 17ನೆಯ ಕಲಮಿನ ಪ್ರಕಾರ ನೌಕರನು ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಯಾವುದೇ ಒಪ್ಪಂದ ಅಷ್ಟರಮಟ್ಟಿಗೆ ಶೂನ್ಯ. ರಾಜಿಯೇ ಆಗಬಾರದೆಂದಲ್ಲ. ರಾಜಿಯಾದರೆ ಅದರ ವಿವರವನ್ನು ಪರಿಹಾರ ಆಯುಕ್ತರ ಮುಂದೆ ನೋಂದಾಯಿಸಬೇಕು. ಮೊತ್ತ ಕಡಿಮೆ ಎಂದೋ, ಒತ್ತಾಯದಿಂದ ಆದದ್ದೆಂದೋ ಕಂಡರೆ ಆಯುಕ್ತರು ನೋಂದಣಿಯನ್ನೇ ನಿರಾಕರಿಸಬಹುದು. ನಿಮ್ಮದು ನೋಂದಣಿಯಾದ ಒಪ್ಪಂದವಲ್ಲ, ಆಸ್ಪತ್ರೆಯ ಮಂಚದ ಮೇಲೆ ಆದದ್ದು.

2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ‘ಹಳೆಯ ಕಾಯ್ದೆ ಹೋಯಿತು, ನಿಮ್ಮ ಕೇಸೂ ಹೋಯಿತು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಪಘಾತವಾದ ದಿನವೇ ಪರಿಹಾರದ ಹಕ್ಕು ಹುಟ್ಟುತ್ತದೆ. ನಿಮ್ಮದು ಹುಟ್ಟಿದ್ದು 2024ರಲ್ಲಿ.

ಈಗ ಲೆಕ್ಕಕ್ಕೆ ಬರೋಣ. ಗುತ್ತಿಗೆದಾರರ ಜೊತೆ ಮಾತಾಡುವಾಗ ಇದೊಂದು ಚೀಟಿ ನಿಮ್ಮ ಕೈಯಲ್ಲಿರಬೇಕು. ಸಂಬಳ ಎಷ್ಟೇ ಇರಲಿ, 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುವ ಮಾಸಿಕ ವೇತನದ ಮಿತಿ 15,000 ರೂಪಾಯಿ. ನಿಮ್ಮ ಗಂಡನ ಸಂಬಳದ ಚೀಟಿಯಲ್ಲಿ ಅದಕ್ಕಿಂತ ಹೆಚ್ಚಿದೆ, ಆದ್ದರಿಂದ 15,000ವೇ ಆಯಿತು. ಅದರ ಶೇ. 60 ಎಂದರೆ 9,000. ಇದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ನಲವತ್ತು ತುಂಬಿದವರಿಗೆ ಅದು 184.17. ಬಂದದ್ದು 16,57,530. ಒಂದೇ ಕೈಯ ಎರಡು ಬೆರಳು ಹೋದರೆ ಗಳಿಕೆಯ ಶಕ್ತಿ ಶೇ. 20ರಷ್ಟು ನಷ್ಟ ಎಂದು ಕಾಯ್ದೆಯ ಪಟ್ಟಿಯೇ ಹೇಳುತ್ತದೆ. ಹಾಗಾಗಿ ಪರಿಹಾರ 3,31,506 ರೂಪಾಯಿ. ಅಪಘಾತವಾಗಿ ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ. 12ರ ಬಡ್ಡಿ. 2026ರ ಫೆಬ್ರವರಿಗೆ ಒಂದೂವರೆ ವರ್ಷದ ಬಡ್ಡಿ 59,671 ಆಗಿದೆ. ಸಕಾರಣವಿಲ್ಲದೆ ತಡ ಮಾಡಿದ್ದಕ್ಕೆ ಪರಿಹಾರದ ಅರ್ಧದವರೆಗೆ ದಂಡ ಹಾಕುವ ಅಧಿಕಾರವೂ ಆಯುಕ್ತರಿಗಿದೆ.

ಕೊಟ್ಟ 40,000ವನ್ನು ಇದರಲ್ಲಿ ಕಳೆಯುತ್ತಾರೆ, ಅದು ನ್ಯಾಯವೇ. ಆಸ್ಪತ್ರೆಯ ಬಿಲ್ಲನ್ನು ಕಳೆಯುವಂತಿಲ್ಲ. ಚಿಕಿತ್ಸೆಯ ಖರ್ಚು ಮಾಲೀಕನು ಬೇರೆಯಾಗಿ ಹೊರಬೇಕಾದದ್ದು. ‘ಲಕ್ಷಗಟ್ಟಲೆ ಖರ್ಚು ಮಾಡಿದ್ದೇನೆ’ ಎಂದು ಅವರು ಎದೆ ತಟ್ಟಿಕೊಂಡರೆ, ಸಂತೋಷ, ಮಾಡಬೇಕಾದ್ದನ್ನೇ ಮಾಡಿದ್ದೀರಿ ಎನ್ನಿ.

ವಯಸ್ಸಿನ ವಿಷಯದಲ್ಲಿ ಒಂದು ಎಚ್ಚರಿಕೆ. ಆಧಾರ್‌ನಲ್ಲಿ ಹುಟ್ಟಿದ ದಿನ 1983ರ ಜನವರಿ 1 ಎಂದಿದೆ, ಶಾಲೆಯ ದಾಖಲೆಯಲ್ಲಿ ಅದೇ ವರ್ಷದ ನವೆಂಬರ್ ಎಂದು ಬರೆದಿದ್ದೀರಿ. ನಮ್ಮ ಜಿಲ್ಲೆಯಲ್ಲಿ ಅರ್ಧ ಜನ ಜನವರಿ ಒಂದಕ್ಕೇ ಹುಟ್ಟಿದವರು, ಆಧಾರ್ ಕೇಂದ್ರದವರ ಕೃಪೆ! ಆಧಾರ್ ಹಿಡಿದರೆ ಅಪಘಾತದ ದಿನ 41, ಗುಣಕ 181.37ಕ್ಕೆ ಇಳಿಯುತ್ತದೆ, ನಿಮಗೆ 5,040 ರೂಪಾಯಿ ನಷ್ಟ. ಶಾಲೆಗೆ ಹೋಗಿ ದಾಖಲೆಯ ಪ್ರತಿ ತನ್ನಿ.

ಪಟ್ಟಿಯ ಶೇ. 20ಕ್ಕೇ ನಿಲ್ಲಬೇಕಾಗಿಲ್ಲ. ಚಿತ್ರಮಂದಿರದ ಕೆಲಸದಲ್ಲಿ ಬಿದ್ದು ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಮೊಕದ್ದಮೆಯಲ್ಲಿ, ಒಂದು ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಆದ್ದರಿಂದ ನಷ್ಟ ನೂರಕ್ಕೆ ನೂರು ಎಂದದ್ದನ್ನು ಸುಪ್ರೀಂ ಕೋರ್ಟ್ 1975ರಲ್ಲೇ ಎತ್ತಿಹಿಡಿದಿದೆ. ಬುಟ್ಟಿ ಎತ್ತುವವನಿಗೆ ಬಲಗೈಯ ಹಿಡಿತವೇ ಹೋದರೆ ಏನು ಉಳಿಯಿತು? ಮೂಳೆ ತಜ್ಞರಿಂದ ಹಿಡಿತದ ಶಕ್ತಿಯ ಬಗ್ಗೆ ಬರೆಸಿಕೊಂಡು ಹೆಚ್ಚಿಗೆ ಕೇಳಿ. ಸಿಕ್ಕೇ ಸಿಗುತ್ತದೆ ಎಂದು ನಾನು ಭರವಸೆ ಕೊಡುವುದಿಲ್ಲ.

ಕೈಗವಸಿನ ಮಾತು. ಕುಡಿದಿದ್ದರೆ, ಸುರಕ್ಷತೆಗೆಂದು ಕೊಟ್ಟ ಆದೇಶವನ್ನು ಬೇಕೆಂದೇ ಮುರಿದಿದ್ದರೆ ಅಥವಾ ರಕ್ಷಣಾ ಸಾಧನವನ್ನು ಬೇಕೆಂದೇ ಕಿತ್ತಿದ್ದರೆ ಮಾತ್ರ ಮಾಲೀಕ ತಪ್ಪಿಸಿಕೊಳ್ಳಬಹುದು. ಬರಿಯ ಅಜಾಗರೂಕತೆ ಈ ಕಾಯ್ದೆಯಲ್ಲಿ ಉತ್ತರವೇ ಅಲ್ಲ. ಇಷ್ಟಕ್ಕೂ ಬಟ್ಟೆಯ ಗವಸು ಕಬ್ಬಿಣದ ಹಲಗೆಯನ್ನು ತಡೆಯುತ್ತಿತ್ತೇ?

‘ನಮ್ಮ ನೌಕರ ಅಲ್ಲ’ ಎಂಬುದಕ್ಕೆ 12ನೆಯ ಕಲಮು ನೋಡಿ. ತನ್ನ ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮೂಲ ಮಾಲೀಕನೂ ಪರಿಹಾರಕ್ಕೆ ಹೊಣೆ, ಅವನು ಬೇಕಾದರೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. ಪುರಸಭೆ ವ್ಯಾಪಾರ ಮಾಡುವ ಸಂಸ್ಥೆಯಲ್ಲ ಎಂಬ ಜಾಣ ವಾದವನ್ನು ನಾನೇ ಎದುರಿಸಿದ್ದೇನೆ. ಅದಕ್ಕೆ ಉತ್ತರ ಕಾಯ್ದೆಯ ಎರಡನೆಯ ಕಲಮಿನಲ್ಲೇ ಇದೆ: ಸ್ಥಳೀಯ ಸಂಸ್ಥೆಯ ಅಧಿಕಾರ, ಕರ್ತವ್ಯಗಳ ನಿರ್ವಹಣೆಯನ್ನೇ ಅದರ ವ್ಯವಹಾರ ಎಂದು ತಿಳಿಯಬೇಕು. ಊರಿನ ಕಸ ತೆಗೆಯುವುದು ಪುರಸಭೆಯ ಕರ್ತವ್ಯವಲ್ಲದೆ ಮತ್ತಾರದು? ಅರ್ಜಿಯಲ್ಲಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಗಾಡಿಗೆ ವಿಮೆ ಇದ್ದರೆ ವಿಮಾ ಕಂಪನಿಯನ್ನೂ ಸೇರಿಸಿ.

ನನಗೆ ನಿಜವಾಗಿ ಅಳುಕಿರುವುದು ‘ಮನೆಯಲ್ಲಿ ಆದ ಗಾಯ’ ಎಂಬ ಆ ಒಂದು ಸಾಲಿನ ಬಗ್ಗೆ. ವಕೀಲಿಯ ಮೊದಲ ವರ್ಷಗಳಲ್ಲಿ ಇಂಥದೇ ಒಂದು ಸಾಲಿನಿಂದ ದೋಣಿ ಕೆಲಸದವನೊಬ್ಬನ ಕೇಸು ಸೋತಿದ್ದೇನೆ. ಸಾಕ್ಷಿ ಹೇಳಲು ಒಬ್ಬನೂ ಬರಲಿಲ್ಲ, ನನಗೂ ಬೇರೆ ದಾರಿ ಹೊಳೆಯಲಿಲ್ಲ. ನಿಮಗೆ ದಾರಿ ಇದೆ. ಬೆಳಗಿನ ಹಾಜರಿಗೆ ಮೇಸ್ತ್ರಿ ಎಲ್ಲರನ್ನೂ ಗಾಡಿಯ ಮುಂದೆ ನಿಲ್ಲಿಸಿ ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಿದ್ದರು ಎಂದಿದ್ದೀರಿ. ಜುಲೈ 22ರ ಫೋಟೋ ನಿಮ್ಮ ಗಂಡನ ಮೊಬೈಲಿನಲ್ಲಿ ಇನ್ನೂ ಇದೆಯೇ? ಬೆಳಿಗ್ಗೆ ಆರು ಗಂಟೆಗೆ ಹತ್ತು ಬೆರಳುಗಳಿಂದ ಸಲಿಕೆ ಹಿಡಿದು ನಿಂತ ಮನುಷ್ಯ ಮಧ್ಯಾಹ್ನ ಆಸ್ಪತ್ರೆಯಲ್ಲಿದ್ದಾನೆ, ನಡುವೆ ಮನೆಗೆ ಯಾವಾಗ ಹೋದ? ಮೊಬೈಲ್ ಹಾಳಾಗುವ ಮುನ್ನ ಆ ಫೋಟೋವನ್ನು ಇನ್ನೆರಡು ಕಡೆ ಉಳಿಸಿಡಿ, ಮೂಲ ಮೊಬೈಲನ್ನು ಮಾರಬೇಡಿ. ಹಾಜರಿ ಪುಸ್ತಕ, ಆ ದಿನದ ಗಾಡಿಯ ಓಡಾಟದ ದಾಖಲೆ, ಇವುಗಳನ್ನು ಮಾಹಿತಿ ಹಕ್ಕಿನಲ್ಲಿ ಈ ವಾರವೇ ಕೇಳಿ. ಮಾರುಕಟ್ಟೆಯಲ್ಲಿ ಅಂದು ಕುಳಿತಿದ್ದ ಮೀನು ಮಾರುವ ಹೆಂಗಸರನ್ನು ಮಾತಾಡಿಸಿ. ಜುಲೈನಲ್ಲಿ ಮೀನುಗಾರಿಕೆಗೆ ನಿಷೇಧ, ಹೊರಗಿನಿಂದ ಪೆಟ್ಟಿಗೆಯಲ್ಲಿ ತರಿಸಿದ ಮೀನು ಮಾರುವವರು ನಾಲ್ಕಾರು ಮಂದಿ ಇದ್ದಿರಬಹುದು, ಅವರಿಗೆ ಆ ದಿನ ಮರೆತಿರುವುದಿಲ್ಲ. ಕೆಲಸದಲ್ಲಿರುವ ಜೊತೆಗಾರರು ಹೆದರುತ್ತಾರೆ. ಕೆಲಸ ಬಿಟ್ಟವರನ್ನು ಹುಡುಕಿ.

ಅಪಘಾತವಾದ ಊರಿಗೆ ಅಲೆಯಬೇಕಾಗಿಲ್ಲ. ನೀವು ವಾಸವಿರುವಲ್ಲೂ ಅರ್ಜಿ ಹಾಕಬಹುದು. ನಮ್ಮ ರಾಜ್ಯದಲ್ಲಿ ಆಯುಕ್ತರ ಅಧಿಕಾರದಿಂದ ಇವನ್ನು ನಡೆಸುತ್ತ ಬಂದವರು ಹಿರಿಯ ಸಿವಿಲ್ ನ್ಯಾಯಾಧೀಶರು. ವಕೀಲರಿಗೆ ಕೊಡಲು ಹಣವಿಲ್ಲ ಎಂದಿದ್ದೀರಿ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ, ಉಚಿತ ವಕೀಲರನ್ನು ಕೊಡುತ್ತಾರೆ. ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆದರೆ ಹೋಗಿ, ಆದರೆ ಅಲ್ಲಿ ಆದ ರಾಜಿಯ ಮೇಲೆ ಮೇಲ್ಮನವಿ ಇಲ್ಲ. ಬಡ್ಡಿಯಲ್ಲಿ ಒಂದಿಷ್ಟು ಬಿಟ್ಟುಕೊಟ್ಟು ಬೇಗ ಮುಗಿಸುವುದಾದರೆ ನಾನು ಬೇಡವೆನ್ನುವುದಿಲ್ಲ. ಅಸಲಿನಲ್ಲಿ ಒಂದು ರೂಪಾಯಿಯೂ ಬಿಡಬೇಡಿ. ರಾಜಿ ಪತ್ರದಲ್ಲಿ ‘ಮಾನವೀಯ ನೆಲೆಯಲ್ಲಿ’ ಎಂಬ ಪದ ಕಂಡರೆ ಹೊಡೆದುಹಾಕಿಸಿ. ಸಾಲ ತೀರಿಸುವವರು ಆ ಮಾತು ಬರೆಯುವುದಿಲ್ಲ.

ಪ್ರಶ್ನೆ: ಶಿರಸಿ ಕಡೆ ದಿನಗೂಲಿ ನೀರುಗಂಟಿ ನಾನು, ತಿಂಗಳಿಗೆ 14,400 ರೂಪಾಯಿ. 2025ರ ಆಗಸ್ಟ್‌ನಲ್ಲಿ ಬೆಳಗಿನ ನಾಲ್ಕೂವರೆಗೆ ಒಂದು ಟ್ಯಾಂಕಿನ ವಾಲ್ವ್ ತಿರುಗಿಸಿ ಇನ್ನೊಂದಕ್ಕೆ ಹೋಗುವಾಗ ಪಾಚಿಯ ಮೇಲೆ ಬೈಕ್ ಜಾರಿ ಕಾಲು ಮುರಿಯಿತು. ಒಂಬತ್ತು ವಾರ ಮನೆಯಲ್ಲಿದ್ದೆ. ಕೆಲಸದ ಸಮಯ ಆರರಿಂದ, ಆದ್ದರಿಂದ ಪರಿಹಾರ ಇಲ್ಲ ಎನ್ನುತ್ತಾರೆ.

ಉತ್ತರ: ಆರು ಗಂಟೆಗೆ ಕೆಲಸ ಶುರುವಾಗುವುದಾದರೆ ಊರಿಗೆ ಐದಕ್ಕೆ ನೀರು ಬಿಟ್ಟವರು ಯಾರು? ಮೊದಲ ಟ್ಯಾಂಕಿನ ಕೇರಿಯಲ್ಲಿ ಅಂದು ಬೆಳಗಾಗುವ ಮುನ್ನ ಕೊಡ ತುಂಬಿಸಿಕೊಂಡವರೇ ನಿಮ್ಮ ಸಾಕ್ಷಿಗಳು. ಒಂದು ವಾಲ್ವ್‌ನಿಂದ ಇನ್ನೊಂದಕ್ಕೆ ಹೋಗುವ ದಾರಿ ಕೆಲಸದ್ದೇ ಭಾಗ. ಮನೆಯಿಂದ ಕೆಲಸಕ್ಕೆ ಹೊರಟ ದಾರಿಯಾಗಿದ್ದರೆ ಹಳೆಯ ಕಾಯ್ದೆಯಲ್ಲಿ ಜಗ್ಗಾಟ ಇತ್ತು. ಹೊಸ ಸಂಹಿತೆ ಅದನ್ನೂ ಒಳಗೆ ತಂದಿದೆ, ಆದರೆ ನಿಮ್ಮ ಅಪಘಾತ ಅದಕ್ಕೂ ಮೊದಲಿನದು.

ಕಾಲು ಸರಿಹೋಗಿರುವುದರಿಂದ ನಿಮ್ಮದು ತಾತ್ಕಾಲಿಕ ಅಸಾಮರ್ಥ್ಯ. ವೇತನದ ಶೇ. 25ನ್ನು ಅರ್ಧ ತಿಂಗಳಿಗೊಮ್ಮೆ ಕೊಡಬೇಕು, ಎಂದರೆ 3,600ರಂತೆ ತಿಂಗಳಿಗೆ 7,200. ಸಣ್ಣ ಗಾಯಕ್ಕೆ ಮೊದಲ ಮೂರು ದಿನ ಬಿಟ್ಟು ಲೆಕ್ಕ. 28 ದಿನ ಅಥವಾ ಹೆಚ್ಚು ಮಲಗಿದವರಿಗೆ ಮೊದಲ ದಿನದಿಂದಲೇ. ಔಷಧದ ಅಂಗಡಿಯ ಚೀಟಿಗಳು ಇದ್ದರೆ ಆ ಖರ್ಚೂ ಬರುತ್ತದೆ. ಮೊತ್ತ ಸಣ್ಣದು ಎಂದು ಬಿಡುವವರೇ ಹೆಚ್ಚು, ನೀವು ಬಿಡಬೇಡಿ.

ಪ್ರಶ್ನೆ: ಬೀದಿದೀಪ ಸರಿಪಡಿಸುವಾಗ ವಿದ್ಯುತ್ ತಗುಲಿ ತಮ್ಮ ತೀರಿಕೊಂಡ. ಗುತ್ತಿಗೆದಾರರು ಒಂದು ಲಕ್ಷ ರೂಪಾಯಿಯನ್ನು ನಗದಾಗಿ ನಮ್ಮ ಅಣ್ಣನ ಕೈಗೆ ಕೊಟ್ಟು ಚುಕ್ತಾ ಎಂದರು. ತಮ್ಮನ ಹೆಂಡತಿಗೆ ಏನೂ ಸಿಕ್ಕಿಲ್ಲ.
— ಅಂಕೋಲಾ ತಾಲ್ಲೂಕು

ಉತ್ತರ: ಚುಕ್ತಾ ಆಗಿಲ್ಲ. ಸಾವಿನ ಪರಿಹಾರವನ್ನು ಆಯುಕ್ತರಲ್ಲೇ ಠೇವಣಿ ಇಡಬೇಕು, ಯಾರ ಕೈಗೋ ಕೊಟ್ಟದ್ದು ಪರಿಹಾರವೆಂದು ಲೆಕ್ಕಕ್ಕೆ ಬರುವುದಿಲ್ಲ. ಅವಲಂಬಿತರಿಗೆ ಮೂರು ತಿಂಗಳ ವೇತನದಷ್ಟು ಮುಂಗಡ ಕೊಡಲು ಮಾತ್ರ ವಿನಾಯಿತಿ ಇದೆ. ಠೇವಣಿಯಾದ ಹಣವನ್ನು ಹೆಂಡತಿ, ಮಕ್ಕಳು, ತಾಯಿ ಹೀಗೆ ಯಾರಿಗೆಷ್ಟು ಎಂದು ಹಂಚುವವರು ಆಯುಕ್ತರು, ಅಣ್ಣನಲ್ಲ. ಸಾವಿಗೆ ಶೇ. 50ರ ಲೆಕ್ಕ. ಗುಣಕ ವಯಸ್ಸಿನ ಮೇಲೆ ನಿಂತಿದೆ, ನೀವು ತಮ್ಮನ ವಯಸ್ಸನ್ನೇ ಬರೆದಿಲ್ಲ. ಅದನ್ನೂ ಸಾವಿನ ತಾರೀಕನ್ನೂ ಬರೆದು ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಮೊತ್ತ ಹೇಳುತ್ತೇನೆ. ಅಷ್ಟರೊಳಗೆ ತಮ್ಮನ ಹೆಂಡತಿಯ ಹೆಸರಿನಲ್ಲಿ ಬ್ಯಾಂಕ್ ಖಾತೆ ಒಂದನ್ನು ತೆರೆಸಿ.